ಬೈಂದೂರಿನಿಂದ ಬೈಂದೂರಿಗೆ ಸೊನ್ನೆ

ಇವರಿಗೆ,
ಮಾನ್ಯ ಸ್ಥಾನಪಲ್ಲಟ ಮಹಾಶಯರು,
ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕ, ‘ಚಲನೆ’ ಎಂಬ ಪಾಠ,
ಎರಡು ಚುಕ್ಕೆಗಳ ನಡುವಿನ ನೇರ ಬಾಣದ ಗುರುತಿನ ಮೇಲೆ.

ಮಾನ್ಯರೇ,

ತಮಗೂ, ತಮ್ಮ ಸಂಸಾರದವರಾದ ವೇಗ ಮತ್ತು ವೇಗೋತ್ಕರ್ಷರಿಗೂ, ನಾಲ್ಕು ಪುಟ ಆಚೆ ಬಿಡಾರ ಹೂಡಿರುವ ಜಡತ್ವ, ಘರ್ಷಣೆ ಮೊದಲಾದ ನೆರೆಹೊರೆಯವರಿಗೂ ಬೈಂದೂರಿನ ಬಸ್ ನಿಲ್ದಾಣದಿಂದ ನನ್ನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದದ್ದು ಬರೀ ಉಪಚಾರದ ಮಾತಲ್ಲ. ನೆಲಕ್ಕೆ ಬಿದ್ದು ನಮಸ್ಕರಿಸಿದವನು ಎದ್ದು ಮೈ ಕೊಡವಿಕೊಂಡು ಮತ್ತೆ ನಿಂತಲ್ಲೇ ನಿಲ್ಲುವುದರಿಂದ, ತಮ್ಮ ಲೆಕ್ಕದಲ್ಲಿ ನಾನು ನಮಸ್ಕಾರವನ್ನೇ ಮಾಡಿಲ್ಲವೆಂದು ಆಗಿಬಿಡುತ್ತದೆಯೋ ಏನೋ ಎಂಬ ಭಯ ನನಗಿದೆ. ಆದ್ದರಿಂದ ಎದ್ದ ಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿದ್ದೇನೆ. ದಯವಿಟ್ಟು ಆ ಎರಡು ಹೆಜ್ಜೆಯಷ್ಟು ನಮಸ್ಕಾರವನ್ನಾದರೂ ಸ್ವೀಕರಿಸಬೇಕು.

ನಾನು ಯೋಗೀಶ, ‘ವಾಯುವೇಗ’ ಎಂಬ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಬೈಂದೂರು ಬಿಟ್ಟು, ಮರವಂತೆಯಲ್ಲಿ ಬಲಕ್ಕೆ ಕಡಲನ್ನೂ ಎಡಕ್ಕೆ ಹೊಳೆಯನ್ನೂ ಕಂಡು, ಹೆಮ್ಮಾಡಿ, ಕುಂದಾಪುರ, ಕೋಟೇಶ್ವರ, ಕೋಟ, ಸಾಲಿಗ್ರಾಮ ಎಂದು ಕೂಗುತ್ತ ಬ್ರಹ್ಮಾವರ ಮುಟ್ಟಿ, ಅಲ್ಲಿಂದ ಅದೇ ಹೆಸರುಗಳನ್ನು ಹಿಂದುಮುಂದಾಗಿ ಕೂಗುತ್ತ ಮರಳಿ, ಉಂಡು ಮತ್ತೊಮ್ಮೆ ಹೊರಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೈಂದೂರಿನಲ್ಲೇ ಬಸ್ಸು ನಿಲ್ಲಿಸಿ ಮನೆಗೆ ಹೋಗುವುದು ನನ್ನ ಕಸುಬು. ಬಾಗಿಲಲ್ಲಿ ಒಂಟಿ ಕಾಲಿನಲ್ಲಿ ನೇತಾಡಿ, ಮುದುಕಿಯರನ್ನೂ ಅವರ ಚೀಲಗಳನ್ನೂ ಒಂದೇ ಕೈಯಲ್ಲಿ ಹತ್ತಿಸಿ, ‘ಮುಂದೆ ಜಾಗ ಇತ್ತ್, ಮುಂದ್ ಹೋಯ್ಕ್’ ಎಂದು ಇಲ್ಲದ ಜಾಗವನ್ನು ಇದೆಯೆಂದು ಸಾಧಿಸುವುದರಲ್ಲಿ ನನ್ನ ಅರ್ಧ ತಲೆಗೂದಲು ಹೋಗಿದೆ. ಹೋದದ್ದು ಮತ್ತೆ ಹೊರಟ ಜಾಗಕ್ಕೆ ಬಂದಿಲ್ಲವಾದ್ದರಿಂದ, ನನ್ನ ಮೈಯಲ್ಲಿ ನಿಜವಾದ ಸ್ಥಾನಪಲ್ಲಟ ಹೊಂದಿರುವುದು ಆ ಕೂದಲು ಒಂದೇ ಎಂದು ಕಾಣುತ್ತದೆ.

ಪತ್ರ ಬರೆಯುವುದು ನನಗೆ ಹೊಸತಲ್ಲ. ಹೆದ್ದಾರಿಯ ಹೊಂಡಗಳ ಬಗ್ಗೆ, ಬಸ್ ತಂಗುದಾಣದಲ್ಲಿ ಸಂಸಾರ ಹೂಡಿದ ದನಗಳ ಬಗ್ಗೆ, ಹಾರ್ನ್ ಕೇಳಿದರೂ ಕೇಳದ ಹಾಗೆ ನಡೆಯುವ ಕೋಳಿಗಳ ಬಗ್ಗೆ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದು ಬರೆದು ಹೆಸರು ಮಾಡಿದವನು ನಾನು. ನಮ್ಮೂರಿನ ಹೆಸರೇ ಬೈಂದೂರು. ಬೈಯುವುದೂ ದೂರುವುದೂ ಹೆಸರಿನಲ್ಲೇ ಇರುವಾಗ ನಾನೊಬ್ಬ ಸುಮ್ಮನಿದ್ದರೆ ಊರಿನ ಮರ್ಯಾದೆ ಏನಾಗಬೇಕು? ಆದರೆ ಪಾಠದೊಳಗೆ ವಾಸವಾಗಿರುವ ಒಬ್ಬ ಗಣ್ಯರಿಗೆ ಪತ್ರ ಬರೆಯುವ ಸಂದರ್ಭ ಇದುವರೆಗೆ ಬಂದಿರಲಿಲ್ಲ.

ತಮ್ಮ ಪರಿಚಯವಾದದ್ದು ನನ್ನ ಮಗಳು ಪ್ರೇಕ್ಷಾಳಿಂದ. ಅವಳು ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ. ದಿನವೂ ನನ್ನ ಬಸ್ಸಿನಲ್ಲೇ ಹೋಗಿ ಬರುವವಳು. ಸಂಜೆ ಜಗಲಿಯಲ್ಲಿ ಕೂತು, ಬೀದಿಯವರೆಲ್ಲ ತನ್ನ ಜೊತೆಗೇ ಪಾಸಾಗಬೇಕು ಎಂಬ ಹಟವಿದ್ದವಳಂತೆ ಗಟ್ಟಿಯಾಗಿ ಓದುತ್ತಾಳೆ. ಒಂದು ದಿನ ‘ಅಪ್ಪಯ್ಯನ ಬಸ್ಸಿನ ಸರಾಸರಿ ಜವ’ ಎಂದು ಏನೋ ಲೆಕ್ಕ ಓದಿದಳು. ತಮ್ಮ ಪುಸ್ತಕದಲ್ಲಿ ಜವ ಎಂದರೆ ಬರೀ ಓಟದ ಅಳತೆ ಎಂಬುದು ನನ್ನ ತಾಯಿ ಅಪ್ಪಿಗೆ ಹೇಗೆ ಗೊತ್ತಾಗಬೇಕು? ಬಯಲಾಟ ನೋಡಿ ಬೆಳೆದ ಅವಳಿಗೆ ಜವ ಎಂದರೆ ಕೋಣನ ಮೇಲೆ ಹಗ್ಗ ಹಿಡಿದು ಬರುವ ಜವರಾಯ ಒಬ್ಬನೇ. ‘ಅಯ್ಯೋ ಹೆಣೆ, ಅಪ್ಪಯ್ಯನ್ ಬಸ್ಸಿಗ್ ಜವರಾಯ ಹತ್ಕಂಡ್ನಾ? ಎಲ್ಲ್ ಹತ್ದ, ಎಲ್ಲ್ ಇಳೂದ್?’ ಎಂದು ಎದೆ ಹಿಡಿದುಕೊಂಡು ಎದ್ದಳು. ‘ಜವ ದಿನಾ ಇರತ್ತ್ ಅಜ್ಜಿ, ಜಾಸ್ತಿ ಇದ್ರೆ ಒಳ್ಳೇದೇ’ ಎಂದು ಮೊಮ್ಮಗಳು ಸಮಾಧಾನ ಹೇಳಿದ ಮೇಲಂತೂ ಅವಳು ಊರ ದೇವರಿಗೆ ತೆಂಗಿನಕಾಯಿಯ ಹರಕೆಯನ್ನೇ ಹೊತ್ತುಬಿಟ್ಟಳು.

ಆ ಗಲಾಟೆ ಅಡಗುವಷ್ಟರಲ್ಲಿ ತಾವು ಪ್ರವೇಶ ಮಾಡಿದಿರಿ. ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಗೆರೆಯೇ ತಾವಂತೆ. ಹೊರಟವನು ನಡುವೆ ಎಷ್ಟು ಸುತ್ತಿದ, ಎಲ್ಲೆಲ್ಲಿ ನಿಂತ, ಯಾರ ಬುಟ್ಟಿ ಇಳಿಸಿದ ಎಂದು ತಾವು ಕೇಳುವವರಲ್ಲವಂತೆ. ಹೊರಟಲ್ಲಿಗೇ ತಿರುಗಿ ಬಂದನೋ, ಅವನಿಗೆ ಸೊನ್ನೆ. ತಮ್ಮನ್ನು ಹೊತ್ತಿನಿಂದ ಭಾಗಿಸಿದರೆ ಬರುವ ಸರಾಸರಿ ವೇಗವೂ ಸೊನ್ನೆ. ‘ಅಪ್ಪಯ್ಯ, ನೀವ್ ದಿನಾ ಬೈಂದೂರಿಂದ ಹೊರ್ಟ್ ಬೈಂದೂರಿಗೇ ಬಪ್ಪುದಲ್ದಾ? ನಿಮ್ಮ ಸ್ಥಾನಪಲ್ಲಟ ಸೊನ್ನೆ!’ ಎಂದು ಮಗಳು ಲಾಟರಿ ಹೊಡೆದವಳ ಹಾಗೆ ಕೂಗಿದಾಗ ನಾನು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ನನಗೆ ಕೋಪ ಬರಲಿಲ್ಲ. ‘ವಾಯುವೇಗ’ ಎಂಬ ಬಸ್ಸಿನಲ್ಲಿ ವೇಗ ಸೊನ್ನೆಯಾದ ಮೇಲೆ ಉಳಿದದ್ದು ವಾಯು ಒಂದೇ ಎಂದು ಲೆಕ್ಕ ಹಾಕಿ ನಾನೂ ಹೊಟ್ಟೆ ಹಿಡಿದು ನಕ್ಕೆ. ಹಾಗಾದರೆ ಬಸ್ಸಿನ ಹಣೆಯ ಮೇಲೆ ‘ವಾಯುಜವ’ ಎಂದು ಬರೆಸಿದರೆ ಸರಿಯಾದೀತು ಎಂದು ಮಗಳು ಹೇಳಿದ್ದೇ ತಡ, ನನ್ನ ತಾಯಿ ಇನ್ನೊಂದು ತೆಂಗಿನಕಾಯಿ ಹೇಳಿಕೊಂಡಳು.

ಈ ಸೊನ್ನೆ ನಮ್ಮ ಜಗಲಿಯಲ್ಲೇ ಇದ್ದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ಆದರೆ ಅವಳ ವಿಜ್ಞಾನದ ಮಾಷ್ಟ್ರು, ಕೋಟದ ಮಧುಸೂದನ ಅವರು, ಶಾಲೆಯಲ್ಲಿ ವಿಜ್ಞಾನ ಭಾಷಣದ ಸ್ಪರ್ಧೆ ಇಟ್ಟರು. ಗೆದ್ದವರನ್ನು ಉಡುಪಿಗೆ ಕಳುಹಿಸುವುದೆಂದು ಸಾರಿದರು. ಉದಾಹರಣೆಗಳನ್ನು ಪುಸ್ತಕದಿಂದ ತರಬೇಡಿ, ಮನೆಯಿಂದ ತನ್ನಿ ಎಂದರು. ಕೆಲವರು ಮನೆಯಿಂದ ರಾಟೆ ತಂದರು, ಕೆಲವರು ಆಯಸ್ಕಾಂತ ತಂದರು. ನನ್ನ ಮಗಳು ಮನೆಯಿಂದ ನನ್ನನ್ನು ತಂದಳು. ನಾನು ಆ ದಿನ ಒಂದು ಟ್ರಿಪ್ಪಿಗೆ ಬದಲಿ ಜನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದೆ.

ಅವಳು ಕಪ್ಪು ಹಲಗೆಯ ಮೇಲೆ ಒಂದು ಚುಕ್ಕೆ ಇಟ್ಟು ಬೈಂದೂರು ಎಂದಳು, ಇನ್ನೊಂದು ಚುಕ್ಕೆ ಇಟ್ಟು ಬ್ರಹ್ಮಾವರ ಎಂದಳು, ನಡುವೆ ಕಡಲು ಹೊಳೆ ಎಲ್ಲ ಬರೆದು ಬಸ್ಸನ್ನು ಕಳಿಸಿ ವಾಪಸು ತಂದಳು. ದೂರ ಎಂದರೇನು, ತಾವು ಎಂದರೇನು ಎಂದು ಎಷ್ಟು ಚಂದ ಬಿಡಿಸಿ ಹೇಳಿದಳೆಂದರೆ, ಹೆಡ್ಮಾಸ್ಟರರ ಬಾಯಿಯೂ ತೆರೆದೇ ಇತ್ತು. ಆಮೇಲೆ ‘ಆದ್ದರಿಂದ ಇಷ್ಟು ವರ್ಷ ಓಡಾಡಿದ ನಮ್ಮ ಅಪ್ಪಯ್ಯನ ಸ್ಥಾನಪಲ್ಲಟ ಸೊನ್ನೆ’ ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ‘ಹ್ವಾಯ್, ಸೊನ್ನೆ ಕಂಡಕ್ಟ್ರೇ!’ ಎಂದು ಕೂಗಿದರು. ನನಗೆ ಬೇಸರವಾಗಿಲ್ಲವೆಂದು ಮಗಳಿಗೆ ತಿಳಿಯಲಿ ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮಾನ್ಯರೇ, ನಾನು ಜೋರಾಗಿ ನಕ್ಕರೆ ಅಳುವವನ ಹಾಗೆ ಕಾಣುತ್ತೇನೆ, ಅತ್ತರೆ ನಗುವವನ ಹಾಗೆ ಕಾಣುತ್ತೇನೆ ಎಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ನಮ್ಮ ಮದುವೆಯ ಫೋಟೋ ನೋಡಿದವರೂ ಅದನ್ನೇ ಹೇಳುತ್ತಾರೆ. ಪ್ರೇಕ್ಷಾ ನನ್ನ ಮುಖ ನೋಡಿದಳು. ಸೀಮೆಸುಣ್ಣ ಮೇಜಿನ ಮೇಲೆ ಇಟ್ಟಳು. ಹೇಳಬೇಕಾದ ಕೊನೆಯ ಮಾತು ಬಾಯಲ್ಲಿರುವಾಗಲೇ ವೇದಿಕೆ ಇಳಿದು ಹೊರಗೆ ನಡೆದಳು.

ಅರ್ಧ ಭಾಷಣವೇ ಉಳಿದವರ ಇಡೀ ಭಾಷಣಕ್ಕಿಂತ ಚೆನ್ನಾಗಿತ್ತೆಂದು ಮಾಷ್ಟ್ರು ಅವಳನ್ನೇ ಉಡುಪಿಗೆ ಆರಿಸಿದರು. ಅವಳು ಹೋಗುವುದಿಲ್ಲ ಎಂದಳು. ನಾನು ಅಂಗಲಾಚಿದೆ, ಗದರಿದೆ, ಸೊನ್ನೆಯಾಗಿರುವುದು ನನಗೆ ಬಹಳ ಇಷ್ಟವೆಂದು ಕುಣಿದೂ ತೋರಿಸಿದೆ. ‘ನಾ ಮಾತಾಡ್ರೆ ನಿಮ್ನ್ ಕಂಡ್ ನಗಾಡ್ತ್ರ್ ಅಪ್ಪಯ್ಯ. ನಾ ಇನ್ ಮಾತಾಡುದಿಲ್ಲೆ’ ಎಂದಳು. ಮರುದಿನದಿಂದ ನನ್ನ ಬಸ್ಸು ಬಿಟ್ಟು ಅದಕ್ಕೂ ಮುಂಚಿನ ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದಳು. ಜಗಲಿಯಲ್ಲಿ ಗಟ್ಟಿಯಾಗಿ ಓದುವುದೂ ನಿಂತುಹೋಯಿತು. ಎದುರು ಮನೆಯವರು ಎರಡು ದಿನ ನೋಡಿ, ಹುಡುಗಿಗೆ ಜ್ವರವೇ ಎಂದು ಕೇಳಿಕೊಂಡು ಬಂದರು. ತಮ್ಮ ಮೇಲಿನ ನನ್ನ ದೂರಿನ ತಿರುಳು ಇಷ್ಟೇ: ನಮ್ಮ ಮನೆಯ ಮಾತನ್ನು ತಾವು ತೆಗೆದುಕೊಂಡು ಹೋಗಿದ್ದೀರಿ, ಅದನ್ನು ವಾಪಸು ಕೊಡಬೇಕು.

ಇನ್ನು ಬಸ್ಸಿನೊಳಗೆ ತಮ್ಮ ಕೃಪೆಯಿಂದ ಆಗಿರುವ ಅನಾಹುತಗಳನ್ನು ಒಂದಿಷ್ಟು ನಿವೇದಿಸಿಕೊಳ್ಳುತ್ತೇನೆ. ಶಾಲೆಯ ಮಕ್ಕಳು ಈ ಸೊನ್ನೆಯನ್ನು ಮನೆಮನೆಗೆ ಮುಟ್ಟಿಸಿದ್ದಾರೆ. ವಂಡ್ಸೆಯ ಸುಬ್ಬ ಎಂಬುವನು ಬ್ರಹ್ಮಾವರದ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಾನೆ. ದಿನವೂ ಹೆಮ್ಮಾಡಿಯಲ್ಲಿ ನನ್ನ ಬಸ್ಸು ಹತ್ತುವವನು. ಅವನು ಒಂದು ಬೆಳಿಗ್ಗೆ ಕಿಟಕಿಯ ಪಕ್ಕ ಆರಾಮವಾಗಿ ಕೂತು, ‘ಯೋಗೀಶಣ್ಣ, ನಾ ಹೊತ್ತಾರೆ ಹೋಪುದ್, ಸಂಜಿಗ್ ವಾಪಾಸ್ ಬಪ್ಪುದ್. ನಂದ್ ಸ್ಥಾನಪಲ್ಲಟ ಸೊನ್ನೆ. ಸೊನ್ನೆಗ್ ಟಿಕೆಟ್ ಎಂತಕೆ ಮಾರಾಯ್ರೆ?’ ಎಂದು ಕೇಳಿದ. ಟಿಕೆಟು ಸ್ಥಾನಪಲ್ಲಟಕ್ಕಲ್ಲ, ಕ್ರಮಿಸಿದ ದೂರಕ್ಕೆ ಎಂದು ನಾನು ಬಸ್ಸಿನ ಉದ್ದಕ್ಕೂ ಪಾಠ ಮಾಡಬೇಕಾಯಿತು. ಪಾಠ ಮುಗಿಯುವಷ್ಟರಲ್ಲಿ ಕೋಟೇಶ್ವರದಲ್ಲಿ ಇಳಿಯಬೇಕಾದವರು ಕೋಟದಲ್ಲಿದ್ದರು, ಅವರ ಸ್ಥಾನಪಲ್ಲಟ ಹೆಚ್ಚಾಗಿತ್ತು, ಸಂತೋಷ ಮಾತ್ರ ಹೆಚ್ಚಾಗಿರಲಿಲ್ಲ.

ಮರವಂತೆಯಲ್ಲಿ ಮೀನು ಬುಟ್ಟಿ ಹತ್ತಿಸುವ ಬೆಳ್ಳಿ ಎಂಬಾಕೆ ಮಾತ್ರ ತನಗೆ ಈ ಸೊನ್ನೆ ಹಿಡಿಸಿಲ್ಲವೆಂದು ಹೇಳಿದಳು. ‘ನಂಗ್ ಸೊನ್ನೆ ಆರೆ ಆಯ್ಲಿ. ಮೀನಿಗ್ ಸೊನ್ನೆ ಆರೆ ನನ್ ಗತಿ ಎಂತ? ವಾಪಾಸ್ ಬಂದ್ ಬಂಗುಡೆನ ಯಾರ್ ತಿಂತ್ರ್?’ ಎಂದು ಅವಳ ವಾದ. ಡ್ರೈವರ್ ಗಣಪಣ್ಣನಿಗೂ ಇದು ಮನಸ್ಸಿಗೆ ಚುಚ್ಚಿತು. ಸೊನ್ನೆ ಎಂದು ಎಲ್ಲರೂ ಕಂಡಕ್ಟರನನ್ನೇ ಏಕೆ ಕರೆಯಬೇಕು, ಬಸ್ಸನ್ನು ಹೊರಟಲ್ಲಿಗೇ ತಂದು ನಿಲ್ಲಿಸುವವನು ತಾನಲ್ಲವೇ, ಆ ಸೊನ್ನೆಯಲ್ಲಿ ತನಗೆ ಪಾಲಿಲ್ಲವೇ ಎಂದು ಅವನು ಒಂದು ಇಡೀ ಟ್ರಿಪ್ಪು ನನ್ನೊಡನೆ ಮಾತು ಬಿಟ್ಟ.

ಮಾನ್ಯರೇ, ತಮ್ಮ ನೆರೆಯವರನ್ನು ನೋಡಿದರೆ ನನಗೆ ಎದೆ ತುಂಬಿ ಬರುತ್ತದೆ. ಜಡತ್ವ ಮಹಾಶಯರು ಎಂಥ ಸಜ್ಜನರು! ನಾನು ಗಂಟಲು ಹರಿಯುವಂತೆ ಕೂಗಿದರೂ ಮುಂದೆ ಹೋಗದ ಜನರನ್ನು, ಗಣಪಣ್ಣ ಒಮ್ಮೆ ಬ್ರೇಕು ತುಳಿದರೆ ಸಾಕು, ಒಂದೇ ಸಲಕ್ಕೆ ಡ್ರೈವರಿನ ಬೆನ್ನ ತನಕ ಕಳುಹಿಸಿಕೊಡುತ್ತಾರೆ. ಘರ್ಷಣೆಯವರು ಹೆಸರಿಗೆ ಮಾತ್ರ ಜಗಳಗಂಟರು. ಅವರು ಟಯರಿನ ಕೆಳಗೆ ನಿಂತು ಹಿಡಿದುಕೊಳ್ಳದಿದ್ದರೆ ಮಳೆಗಾಲದಲ್ಲಿ ಮರ‍ವಂತೆಗೆ ಬಂದಾಗ ಬಸ್ಸು ಹೊಳೆಗೋ ಕಡಲಿಗೋ ಎಂದು ಪ್ರಯಾಣಿಕರನ್ನು ಕೇಳಿ ತೀರ್ಮಾನ ಮಾಡಬೇಕಾಗುತ್ತಿತ್ತು. ಗುರುತ್ವದವರು ಬಸ್ಸಿನ ಮೇಲೆ ಇಟ್ಟ ಬಾಳೆಗೊನೆಗಳನ್ನು ಅಲ್ಲೇ ಕೂರಿಸಿ ಕಾಯುತ್ತಾರೆ. ಇವರೆಲ್ಲ ನಮ್ಮ ಬಸ್ಸಿನಲ್ಲಿ ದಿನವೂ ದುಡಿಯುವವರು. ತಾವು ಮಾತ್ರ ದಿನವಿಡೀ ಎಲ್ಲಿಯೂ ಕಾಣಿಸಿಕೊಳ್ಳದೆ, ಸಂಜೆ ಬಸ್ಸು ನಿಂತ ಮೇಲೆ ಬಂದು ಸೊನ್ನೆ ಬರೆದು ಹೋಗುತ್ತೀರಿ.

ಬಡಪಾಯಿ ದೂರನನ್ನು ನೋಡಿ. ಅವನು ನನ್ನ ಜೊತೆ ಪ್ರತಿಯೊಂದು ತಿರುವನ್ನೂ ತಿರುಗುತ್ತಾನೆ, ಪ್ರತಿಯೊಂದು ಹೊಂಡದಲ್ಲೂ ಕುಲುಕುತ್ತಾನೆ, ಎಂದೂ ಕಡಿಮೆಯಾಗುವುದಿಲ್ಲ. ಅಂಥವನನ್ನು ತಮ್ಮ ಪುಸ್ತಕದಲ್ಲಿ ಅದಿಶ ಎಂದು ಬರೆದಿದ್ದಾರೆ, ಎಂದರೆ ದಿಕ್ಕಿಲ್ಲದವನು. ತಾವು ಸದಿಶ, ದಿಕ್ಕು ದೆಸೆ ಎಲ್ಲ ಇರುವವರು, ತಲೆಯ ಮೇಲೆ ಬಾಣದ ಗುರುತು ಇಟ್ಟುಕೊಂಡು ಮೆರೆಯುವವರು. ಆದ್ದರಿಂದ ದಿಕ್ಕಿಲ್ಲದ ದೂರನ ಪರವಾಗಿಯೂ ಈ ದೂರನ್ನು ಸಲ್ಲಿಸುತ್ತಿದ್ದೇನೆ ಎಂದು ತಿಳಿಯಬೇಕು.

ಹಾಗೆಂದು ತಮ್ಮ ನಿಷ್ಪಕ್ಷಪಾತವನ್ನು ಹೊಗಳದೆ ಇರಲಾರೆ. ತಾವು ಭೂಮಿಯನ್ನೂ ಬಿಟ್ಟಿಲ್ಲವೆಂದು ಮಾಷ್ಟ್ರು ಹೇಳಿದರು. ಪಾಪ, ಅದೂ ವರ್ಷವಿಡೀ ಸೂರ್ಯನ ಸುತ್ತ ಓಡಿ ಓಡಿ ಹೊರಟಲ್ಲಿಗೆ ಬಂದು ಸೊನ್ನೆ ಪಡೆಯುತ್ತದಂತೆ. ಗಡಿಯಾರದ ಮುಳ್ಳಿಗೂ ಸೊನ್ನೆ, ಗುಡಿಯಲ್ಲಿ ಪ್ರದಕ್ಷಿಣೆ ಬಂದವರಿಗೂ ಸೊನ್ನೆ. ಇಷ್ಟು ದೊಡ್ಡವರ ಸಾಲಿನಲ್ಲಿ ನನ್ನಂಥ ಕಂಡಕ್ಟರನನ್ನೂ ನಿಲ್ಲಿಸಿದ್ದಕ್ಕೆ ನಾನು ಚಿರಋಣಿ. ನಾನೂ ತಮ್ಮಿಂದ ಒಮ್ಮೆ ಮಾತ್ರ ಮನ್ನಣೆ ಪಡೆದಿದ್ದೇನೆ. ಕಳೆದ ಮಳೆಗಾಲದಲ್ಲಿ ಮರವಂತೆಯಲ್ಲಿ ಕಡಲು ರಸ್ತೆಗೆ ಹತ್ತಿ ಬಂದು, ಪೊಲೀಸರು ಹೆದ್ದಾರಿ ಮುಚ್ಚಿದ್ದರಿಂದ, ನಮ್ಮ ಬಸ್ಸು ಸಂಜೆ ಕುಂದಾಪುರದಲ್ಲೇ ಉಳಿಯಿತು. ಶಾಲೆಗೆ ಮಳೆಯ ರಜೆಯಿದ್ದುದರಿಂದ ಮಗಳು ಅಂದು ಮನೆಯಲ್ಲೇ ಇದ್ದಳು. ಫೋನುಗಳೆಲ್ಲ ಸತ್ತಿದ್ದವು. ಗಣಪಣ್ಣನೂ ನಾನೂ ಹೋಟೆಲಿನಲ್ಲಿ ಬಿಸಿ ಬಿಸಿ ಗೋಳಿಬಜೆ ತಿಂದು, ಬಂಗುಡೆ ಸಾರಿನಲ್ಲಿ ಉಂಡು, ಬಸ್ಸಿನ ಸೀಟಿನಲ್ಲೇ ಮಲಗಿ ಮರುದಿನ ಮನೆ ಸೇರಿದೆವು. ನನ್ನ ಇಡೀ ಸೇವಾವಧಿಯಲ್ಲಿ ತಾವು ಸೊನ್ನೆಯಾಗದ ದಿನ ಅದೊಂದೇ. ಆ ದಿನ ನಾನು ಬೈಂದೂರಿನಿಂದ ದಕ್ಷಿಣಕ್ಕೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್ ಸ್ಥಾನಪಲ್ಲಟ ಹೊಂದಿದ ಗಣ್ಯ ವ್ಯಕ್ತಿಯಾಗಿ ಗೊರಕೆ ಹೊಡೆದೆ.

ಅಂಥ ಗೌರವವನ್ನು ದಿನವೂ ದಯಪಾಲಿಸಬೇಕೆಂದು ಕೋರಿ ನಾನು ಕೆಲವು ಸಲಹೆಗಳನ್ನು ಯೋಚಿಸಿದೆ. ನನ್ನನ್ನು ಸಂಜೆ ಬೈಂದೂರಿನಲ್ಲಿ ಅಳೆಯುವ ಬದಲು, ಮಧ್ಯಾಹ್ನದ ಮುಂಚೆ ಬ್ರಹ್ಮಾವರದಲ್ಲಿ ಚಾ ಕುಡಿಯುವಾಗ ಅಳೆದುಬಿಡಬಹುದು. ಚಾ ನನ್ನ ಲೆಕ್ಕದಲ್ಲಿ. ಅದಾಗದಿದ್ದರೆ ನಾವು ಬ್ರಹ್ಮಾವರಕ್ಕೆ ಹೋಗಿ ಬರುವಷ್ಟರಲ್ಲಿ ಬೈಂದೂರನ್ನೇ ದಿನಕ್ಕೆ ಒಂದು ಮಾರು ಉತ್ತರಕ್ಕೆ ಜರುಗಿಸಿ ಇಡಬಹುದು. ಭಟ್ಕಳದವರನ್ನು ನಾನು ಒಪ್ಪಿಸುತ್ತೇನೆ. ಇದನ್ನು ಗಣಪಣ್ಣನಿಗೆ ಹೇಳಿದಾಗ ಅವನು ತಲೆ ತುರಿಸಿಕೊಂಡು, ಊರನ್ನು ಜರುಗಿಸುವುದು ಕಷ್ಟ, ಬಸ್ಸನ್ನು ಜರುಗಿಸುವುದು ತನ್ನ ಕೈಯಲ್ಲೇ ಇದೆ ಎಂದ. ಆ ಮಾತಿಗೆ ನಾವಿಬ್ಬರೂ ಮತ್ತೆ ಒಂದಾದೆವು.

ಅಂದಿನಿಂದ ‘ವಾಯುವೇಗ’ ಪ್ರತಿ ಸಂಜೆ ಬೆಳಿಗ್ಗೆ ಹೊರಟ ಜಾಗಕ್ಕಿಂತ ಒಂದು ಮಾರು ಮುಂದೆ ನಿಲ್ಲತೊಡಗಿತು. ಬಸ್ಸು ನಿಂತ ಕೂಡಲೇ ನಾನು ಇಳಿದು, ಹೆಜ್ಜೆ ಹಾಕಿ ಅಳೆದು, ಸೊನ್ನೆಯಲ್ಲ, ಸೊನ್ನೆಯಲ್ಲ ಎಂದು ಕೂಗುತ್ತಿದ್ದೆ. ಗಣಪಣ್ಣ ಹಾರ್ನ್ ಹೊಡೆಯುತ್ತಿದ್ದ. ಮೊದಮೊದಲು ಯಾರೂ ಗಮನಿಸಲಿಲ್ಲ. ನಿಲ್ದಾಣದ ಅಂಚಿನಲ್ಲಿ ಬಚ್ಚಣ್ಣನ ಚಾದಂಗಡಿ ಇದೆ. ನಮ್ಮ ಸ್ಥಾನಪಲ್ಲಟ ದಿನದಿನಕ್ಕೆ ಬೆಳೆದು, ಒಂದು ಸಂಜೆ ಬಸ್ಸಿನ ಮೂತಿ ಅವನ ಅಂಗಡಿಯ ಬಾಗಿಲಿಗೇ ಹೋಗಿ ನಿಂತಿತು. ಬಾಯ್ಲರಿನ ಹೊಗೆ ಬಸ್ಸಿನೊಳಗೆ, ಬಸ್ಸಿನ ಹೊಗೆ ಚಾದೊಳಗೆ. ‘ಎಂತ ಮಾರಾಯ್ರೆ, ನಾಳಿಕ್ ಬಸ್ಸ್ ಒಲಿ ಮೇಲ್ ನಿಲ್ಸ್ತ್ರಿಯಾ?’ ಎಂದು ಬಚ್ಚಣ್ಣ ಸೌಟು ಹಿಡಿದು ಹೊರಗೆ ಬಂದ. ನಾನು ಅವನಿಗೆ ಚುಕ್ಕೆ, ಗೆರೆ, ಬಾಣ ಎಲ್ಲ ನೆಲದ ಮೇಲೆ ಬರೆದು ವಿವರಿಸಿದೆ. ಅವನು ಬಾಣವನ್ನು ಕಾಲಿನಿಂದ ಅಳಿಸಿ, ಬಸ್ಸನ್ನು ಹಿಂದಕ್ಕೆ ತೆಗೆಸಿದ.

ಈ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಾನು ಅಂಗಳಕ್ಕೆ ಕಾಲಿಡುತ್ತಲೇ ಜಗಲಿಯಿಂದ ಒಂದು ನಗು ಕೇಳಿಸಿತು. ನನ್ನ ಮಗಳು, ಎಷ್ಟೋ ದಿನದಿಂದ ಬಾಯಿ ಹೊಲಿದುಕೊಂಡವಳು, ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ‘ಅಪ್ಪಯ್ಯ, ಬಸ್ಸಿಂದ್ ಸೊನ್ನೆ ಅಲ್ಲ, ಅದ್ ಸರಿ. ಆರೆ ನೀವ್ ಇಳ್ದ್ ಮನೆಗ್ ಬಂದ್ರಿಯಲೆ! ಹೊತ್ತಾರೆ ಮನೆಯಿಂದ್ಲೇ ಹೊರ್ಟದ್ ಅಲ್ದಾ? ನೀವ್ ಹ್ಯಾಂಗ್ ಮಾಡ್ರೂ ಸೊನ್ನೆಯೇ’ ಎಂದಳು. ಇಷ್ಟು ಸುಲಭದ ಸಂಗತಿ ನನಗೂ ಗಣಪಣ್ಣನಿಗೂ ಹೊಳೆದಿರಲಿಲ್ಲವೆಂದು ತಮ್ಮಲ್ಲಿ ವಿನಯದಿಂದ ಒಪ್ಪಿಕೊಳ್ಳುತ್ತೇನೆ. ನಕ್ಕು ಸುಸ್ತಾದ ಮೇಲೆ ಅವಳು ನನ್ನ ಚೀಲ ಇಸಿದುಕೊಂಡು, ‘ನಂದ್ ಕಡೀ ಮಾತ್ ಒಂದ್ ಬಾಕಿ ಇತ್ತ್. ಉಡುಪಿಗ್ ಹೋತೆ’ ಎಂದಳು. ಆ ಮಾತು ಏನೆಂದು ನಾನೂ ಅವಳ ತಾಯಿಯೂ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಉಡುಪಿಯ ಸಭಾಂಗಣದಲ್ಲಿ ನಾನು ಈ ಸಲ ಮುಂದಿನ ಸಾಲಿಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತೇ ಅಭ್ಯಾಸವಾದವನು, ಹಿಂದಿನ ಬಾಗಿಲಲ್ಲೇ ನಿಂತೆ. ಚುಕ್ಕೆ ಇಟ್ಟಳು, ಕಡಲು ಬರೆದಳು, ಬಸ್ಸು ಹೋಗಿ ಬಂತು, ಅಪ್ಪಯ್ಯನ ಸ್ಥಾನಪಲ್ಲಟ ಸೊನ್ನೆ ಎಂದಳು. ಉಡುಪಿಯವರೂ ನಮ್ಮವರಷ್ಟೇ ಚೆನ್ನಾಗಿ ನಕ್ಕರು. ಎಲ್ಲರೂ ಹತ್ತಿ ಮುಗಿಯಲಿ ಎಂದು ನಾನು ಬಸ್ಸಿನಲ್ಲಿ ಕಾಯುವ ಹಾಗೆ ಅವಳು ಎಲ್ಲರ ನಗು ಮುಗಿಯುವ ತನಕ ಕಾದಳು. ಆಮೇಲೆ ಹೇಳಿದಳು: ‘ಕಳೆದ ಮಳೆಗಾಲದಲ್ಲಿ ಮರವಂತೆಯಲ್ಲಿ ಕಡಲು ರಸ್ತೆಗೆ ಬಂದ ದಿನ ಮಾತ್ರ ಅದು ಸೊನ್ನೆ ಆಗಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.’

ಅಷ್ಟೇ ಹೇಳಿ, ಕೈಮುಗಿದು, ಸೀಮೆಸುಣ್ಣ ಮೇಜಿನ ಮೇಲೆ ಇಟ್ಟಳು.

ಮಾನ್ಯರೇ, ಆ ಸಂಜೆ ನಾನು ಕುಂದಾಪುರದಲ್ಲಿ ಸಾರು ಚೆನ್ನಾಗಿದೆಯೆಂದು ಇನ್ನೊಮ್ಮೆ ಅನ್ನ ಹಾಕಿಸಿಕೊಂಡಿದ್ದೆ. ಇಲ್ಲಿ ಮೂವರೂ ಅನ್ನದ ಪಾತ್ರೆ ಮುಚ್ಚಿಟ್ಟು ರಸ್ತೆ ನೋಡುತ್ತ ಕೂತಿದ್ದರಂತೆ. ಮರುದಿನ ನಾನು ಬಂದಾಗ ಒಬ್ಬರಾದರೂ ಒಂದು ಮಾತು ಹೇಳಿದ್ದರೆ ಕೇಳಿ. ನನ್ನ ತಾಯಿ ‘ಬಂದ್ಯಾ ಮಗಾ’ ಎಂದು ಬಚ್ಚಲಿಗೆ ಬೆಂಕಿ ಹಾಕಲು ಹೋದಳು, ಹೆಂಡತಿ ಒದ್ದೆ ಅಂಗಿ ಇಸಿದುಕೊಂಡಳು, ಮಗಳು ಏನೋ ಗಟ್ಟಿಯಾಗಿ ಓದುತ್ತಿದ್ದಳು. ಉಡುಪಿಯ ಆ ಬಾಗಿಲಲ್ಲಿ ನಿಂತು ನಾನು ಮೊದಲ ಸಲ ಅದನ್ನು ಕೇಳಿದೆ, ಮತ್ತು ಅತ್ತುಬಿಟ್ಟೆ. ಪ್ರೇಕ್ಷಾ ವೇದಿಕೆಯ ಮೇಲಿಂದ ನನ್ನ ಮುಖ ಹುಡುಕಿ ನೋಡಿದಳು. ನನ್ನ ಮುಖದ ಗುಣವನ್ನು ಮೊದಲೇ ನಿವೇದಿಸಿದ್ದೇನಲ್ಲ. ಅಪ್ಪಯ್ಯ ನಗುತ್ತಿದ್ದಾನೆಂದು ತಿಳಿದು ಅವಳೂ ನಕ್ಕಳು.

ಅವಳಿಗೆ ಎರಡನೆಯ ಬಹುಮಾನವಾಗಿ ಒಂದು ಗ್ಲೋಬ್ ಸಿಕ್ಕಿತು. ಬ್ರಹ್ಮಾವರದಿಂದ ನಮ್ಮದೇ ಬಸ್ಸಿನಲ್ಲಿ, ಲೇಡೀಸ್ ಸೀಟಿನಲ್ಲಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸುತ್ತ, ಅಕ್ಕಪಕ್ಕದವರಿಗೆ ಗಟ್ಟಿಯಾಗಿ ಪಾಠ ಹೇಳುತ್ತ ಬೈಂದೂರಿನ ತನಕ ಬಂದಳು.

ಆದ್ದರಿಂದ ಮೇಲೆ ಸಲ್ಲಿಸಿದ ಸಲಹೆಗಳನ್ನೆಲ್ಲ ನಾನು ಹಿಂದಕ್ಕೆ ಪಡೆಯುತ್ತೇನೆ. ಬೈಂದೂರು ಇದ್ದಲ್ಲೇ ಇರಲಿ. ಬ್ರಹ್ಮಾವರದ ಚಾವನ್ನು ನಾನೇ ಕುಡಿಯುತ್ತೇನೆ. ಅವುಗಳ ಬದಲು ಒಂದೇ ಒಂದು ಬಿನ್ನಹ. ನನ್ನ ಹೆಸರಿನ ಎದುರು ತಾವು ದಿನವೂ, ತಪ್ಪದೆ, ದೀಪ ಹಚ್ಚುವ ಹೊತ್ತಿನೊಳಗೆ ಸೊನ್ನೆಯನ್ನೇ ಬರೆಯಬೇಕು. ಮಳೆಗಾಲದಲ್ಲಿ ಮರವಂತೆಯ ಕಡಲಿಗೂ ತಾವೇ ಒಂದು ಮಾತು ಹೇಳಿಡಬೇಕು. ಎಂದಾದರೊಂದು ದಿನ ಬೇರೆ ಅಂಕಿ ಬರೆಯಲು ತಮ್ಮ ಕೈ ಎತ್ತಿದರೆ, ಬೈಂದೂರಿನಲ್ಲಿ ಒಂದು ಅನ್ನದ ಪಾತ್ರೆ ಮುಚ್ಚಿಯೇ ಇದೆ ಎಂಬುದನ್ನು ದಯವಿಟ್ಟು ನೆನಪಿಸಿಕೊಳ್ಳಬೇಕು.

ಇಂತು ನೇರ ಗೆರೆಗೆ ತಲೆಬಾಗಿ, ಆದರೆ ಸ್ಟಾಪು ಸಿಕ್ಕಲ್ಲೆಲ್ಲ ನಿಲ್ಲುವ,

ತಮ್ಮ ವಿಶ್ವಾಸಿ,
ಯೋಗೀಶ
(ಸೊನ್ನೆ ಕಂಡಕ್ಟರ್), ‘ವಾಯುವೇಗ’, ಬೈಂದೂರು

ಮರೆತಿದ್ದ ಮಾತು: ಸ್ಥಾನಪಲ್ಲಟ ಇಲ್ಲದಿದ್ದರೆ ಕೆಲಸವೂ ಇಲ್ಲ ಎಂದು ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು ಪಾಠ ಇದೆಯಂತೆ, ನೂಕಿದ ಗೋಡೆ ಅಲ್ಲಾಡದಿದ್ದರೆ ನೂಕಿದವನು ಕೆಲಸವನ್ನೇ ಮಾಡಿಲ್ಲವಂತೆ. ಅದರಲ್ಲಿ ತಾವೇ ಮುಖ್ಯ ಸಾಕ್ಷಿಯೆಂದು ಕೇಳಿದೆ. ನಮ್ಮ ಬಸ್ಸಿನ ಧಣಿಗಳ ಮಗ ಈ ವರ್ಷ ಒಂಬತ್ತಕ್ಕೆ ಬಂದಿದ್ದಾನೆ, ಅವನೂ ಗಟ್ಟಿಯಾಗಿಯೇ ಓದುವುದು. ಆ ಪುಟ ಬರುವ ದಿನ ಧಣಿಗಳು ಮನೆಯಲ್ಲಿ ಇಲ್ಲದಂತೆ ಅವರಿಗೆ ತಾವು ಒಂದಿಷ್ಟು ಸ್ಥಾನಪಲ್ಲಟ ಕರುಣಿಸಿದರೆ ದೊಡ್ಡ ಉಪಕಾರವಾಗುತ್ತದೆ.